ಭಂಗಿ, ಬಳಲಿಕೆ ಮತ್ತು ಬಲ



ಗಾಂಜಾ ಸೇವನೆಯಿಂದ ಆಟಗಾರನ ಬಲ ಹೆಚ್ಚುವುದೇ? ಅಮೆರಿಕದ ಅನೇಕ ರಾಜ್ಯಗಳಲ್ಲಿ ಅದು ಅಂಗಡಿಯಲ್ಲಿಯೇ ದೊರೆಯುವ ಈ ಕಾಲದಲ್ಲಿ, ಓಟ, ಈಜುಗಳಲ್ಲಿ ತೊಡಗಿರುವ ಮಕ್ಕಳ ತಂದೆತಾಯಿಯರಿಗೆ ಇದು ದೂರದ ಪ್ರಶ್ನೆಯಲ್ಲ. ಹೊಸ ಪ್ರಶ್ನೆಯೂ ಅಲ್ಲ.

1893ರಲ್ಲಿ ಬ್ರಿಟಿಷ್ ಸರ್ಕಾರವು ಭಾರತದಲ್ಲಿ ಗಾಂಜಾ, ಭಂಗಿ, ಚರಸ್‌ಗಳ ಬಳಕೆಯನ್ನು ಕುರಿತು ಆಯೋಗವೊಂದನ್ನು ನೇಮಿಸಿತು. 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಸಿದ್ಧವಾದ ಅದರ ವರದಿಯಲ್ಲಿ ಒಂದು ಕುತೂಹಲಕರ ಸಂಗತಿಯಿದೆ. ಕುಸ್ತಿಪಟುಗಳು, ಕಸರತ್ತು ಮಾಡುವವರು, ಪಲ್ಲಕ್ಕಿ ಹೊರುವವರು, ಹಮಾಲರು, ಅಂಚೆ ಹೊತ್ತು ಓಡುವವರು ಅತಿಶ್ರಮದ ಸಂದರ್ಭಗಳಲ್ಲಿ ಇವುಗಳನ್ನು ಸೇವಿಸುತ್ತಿದ್ದರಂತೆ. ಆದರೆ ಆಯೋಗಕ್ಕೆ ದೊರೆತದ್ದು ಅನುಭವದ ಮಾತು, ನಾಡಿಬಡಿತದ ಅಳತೆಯಲ್ಲ.

1964ರಲ್ಲಿ ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಅವರು ಗಾಂಜಾದ ಮಾದಕ ಸತ್ವವಾದ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಮುಂದಿನ ದಶಕಗಳಲ್ಲಿ ಅಳತೆಯ ಕಾರ್ಯವೂ ನಡೆಯಿತು. 1974ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದಯಶೂಲೆಯ ರೋಗಿಗಳು ಗಾಂಜಾ ಸೇದಿದ ಬಳಿಕ, ಎದೆನೋವು ಬರುವವರೆಗೆ ವ್ಯಾಯಾಮ ಮಾಡಬಲ್ಲ ಅವಧಿ ಶೇ. 48ರಷ್ಟು ತಗ್ಗಿತು, ಸತ್ವ ತೆಗೆದ ಗಾಂಜಾದಿಂದ ತಗ್ಗಿದ್ದು ಶೇ. 8.6 ಮಾತ್ರ. 1986ರಲ್ಲಿ 12 ಮಂದಿ ಆರೋಗ್ಯವಂತರನ್ನು ದಣಿಯುವವರೆಗೆ ಸೈಕಲ್ ತುಳಿಸಿ ನೋಡಿದಾಗ, 16.1 ನಿಮಿಷಗಳ ಸರಾಸರಿ ಅವಧಿಯು 15.1ಕ್ಕೆ ಇಳಿಯಿತು. ಸ್ಪರ್ಧಾಳುವಿಗೆ ಒಂದು ನಿಮಿಷ ಸಣ್ಣ ನಷ್ಟವಲ್ಲ.

ಕಾರಣ ಸರಳ. ಟಿಎಚ್‌ಸಿ ಹೃದಯದ ಬಡಿತವನ್ನು ಮೊದಲೇ ಏರಿಸಿಬಿಡುತ್ತದೆ. ಶ್ರಮಕ್ಕಾಗಿ ಕಾದಿರಿಸಬೇಕಾದ ಬಂಡವಾಳವನ್ನು ಹೃದಯವು ಆಟಕ್ಕೆ ಮೊದಲೇ ಖರ್ಚುಮಾಡಿದಂತಾಗುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಬಳಲಿಕೆ ಮರೆತಂತಾಗಬಹುದು, ಬಲ ಮಾತ್ರ ಬಂದಿರುವುದಿಲ್ಲ.

ಕ್ರೀಡಾಲೋಕದ ಕಾನೂನು ಇಲ್ಲಿ ತಡವರಿಸಿದ್ದುಂಟು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಾಸ್ ರೆಬಾಗ್ಲಿಯಾಟಿ ಅವರಿಂದ ಕಸಿದ ಚಿನ್ನದ ಪದಕವನ್ನು ಮೇಲ್ಮನವಿಯ ನಂತರ ಹಿಂದಿರುಗಿಸಲಾಯಿತು. 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು ಮೂತ್ರಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 15 ನ್ಯಾನೋಗ್ರಾಂನಿಂದ 150ಕ್ಕೆ ಏರಿಸಿತು. 2021ರಲ್ಲಿ ಅಮೆರಿಕದ ಶಕಾರಿ ರಿಚರ್ಡ್‌ಸನ್ ಒಂದು ತಿಂಗಳ ನಿಷೇಧದಿಂದಾಗಿ ಟೋಕಿಯೋದ ನೂರು ಮೀಟರ್ ಓಟವನ್ನು ಕಳೆದುಕೊಂಡರು. ಆ ಬಳಿಕ ನಡೆದ ಮರುಪರಿಶೀಲನೆಯು, ಗಾಂಜಾ ದೇಹಸಾಮರ್ಥ್ಯವನ್ನು ಹೆಚ್ಚಿಸುತ್ತದೆಂಬುದಕ್ಕೆ ಆಧಾರ ಸಾಲದೆಂದು ಒಪ್ಪಿತು. ಆದರೂ ಆರೋಗ್ಯದ ಅಪಾಯ ಮತ್ತು ಕ್ರೀಡಾಮನೋಭಾವದ ದೃಷ್ಟಿಯಿಂದ ಸ್ಪರ್ಧಾಕಾಲದ ನಿಷೇಧವನ್ನು ಉಳಿಸಿಕೊಂಡಿತು. ಅಂತೆಯೇ, 2024ರಲ್ಲಿ ಅಮೆರಿಕದ ಕಾಲೇಜು ಕ್ರೀಡಾಮಂಡಳಿಯು ಮೊದಲ ಶ್ರೇಣಿಯ ಆಟಗಾರರ ನಿಷೇಧಪಟ್ಟಿಯಿಂದ ಗಾಂಜಾವನ್ನು ಕೈಬಿಟ್ಟಿತು. ನಿಷೇಧವಿದ್ದ ಮಾತ್ರಕ್ಕೆ ಅದು ಬಲವರ್ಧಕವೂ ಅಲ್ಲ. ನಿಷೇಧ ಹೋದ ಮಾತ್ರಕ್ಕೆ ಹಿತಕರವೂ ಅಲ್ಲ.

ಕೊನೆಯದಾಗಿ ಒಂದು ಮಾತು. 1992ರಲ್ಲಿ ಮೆಶೂಲಮರ ತಂಡವು, ಟಿಎಚ್‌ಸಿಯಂತೆಯೇ ವರ್ತಿಸುವ ವಸ್ತುವೊಂದು ಮೆದುಳಿನಲ್ಲಿಯೇ ಇರುವುದನ್ನು ಕಂಡು, ಸಂಸ್ಕೃತದ ‘ಆನಂದ’ ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು. ಓಟ ಮತ್ತು ಸೈಕಲ್ ಸವಾರಿಯಿಂದ ರಕ್ತದಲ್ಲಿ ಅದು ಹೆಚ್ಚುವುದೆಂದು 2003ರ ಅಧ್ಯಯನವೊಂದು ತೋರಿಸಿತು. ಮಕ್ಕಳು ಕೇಳಿದಾಗ ಗದರಿಸುವುದಕ್ಕಿಂತ ಇದನ್ನು ತಿಳಿಯಹೇಳುವುದು ಲೇಸು: ಓಡಿದವನಿಗೆ ಆನಂದವನ್ನು ಅವನ ದೇಹವೇ ಒದಗಿಸುತ್ತದೆ.