ಮಸುಕೂ ಬಿಳುಪೂ: ಛಾಯಾಚಿತ್ರದಲ್ಲಿ ‘ಸರಿ’ ಎಂದರೆ ಯಾರ ಸರಿ?



ಛಾಯಾಗ್ರಹಣ ಕಲಿಯಹೊರಟವರಿಗೆ ಮೊದಲ ದಿನವೇ ಎರಡು ತಪ್ಪುಗಳನ್ನು ಹೇಳಿಕೊಡುವುದು ವಾಡಿಕೆ. ಬೆಳಕು ಹೆಚ್ಚಾಗಿ ಚಿತ್ರ ಬೆಳ್ಳಗೆ ಸುಟ್ಟಂತಾಗುವುದು ಒಂದು. ಫೋಕಸ್ ತಪ್ಪಿ ಚಿತ್ರ ಮಸುಕಾಗುವುದು ಇನ್ನೊಂದು. ಇಂದಿನ ಡಿಜಿಟಲ್ ಕ್ಯಾಮೆರಾಗಳೂ ಮೊಬೈಲುಗಳೂ ಈ ಎರಡನ್ನೂ ನಮ್ಮ ಕೈಗೆ ಬಿಡದೆ ತಾವೇ ನೋಡಿಕೊಳ್ಳುತ್ತವೆ. ನಾವು ಗುಂಡಿ ಒತ್ತಿದರಾಯಿತು, ‘ಸರಿಯಾದ’ ಚಿತ್ರ ಸಿದ್ಧ. ಆದರೆ ಈ ‘ಸರಿ’ಯನ್ನು ನಿಶ್ಚಯಿಸಿದವರು ಯಾರು? ಈ ಪ್ರಶ್ನೆ ಹೊಸದಲ್ಲ. ನೂರಅರವತ್ತು ವರ್ಷಗಳ ಹಿಂದೆ ಒಬ್ಬ ಮಹಿಳೆ ಇದನ್ನು ನೇರವಾಗಿ ಕೇಳಿದ್ದಳು. ಅವಳ ಕಥೆಯಿಂದ ಆರಂಭಿಸಿ ನಮ್ಮ ಕಾಲದವರೆಗೆ ಬರೋಣ.

ಅದಕ್ಕೆ ಮೊದಲು ಪಾಠದ ಒಂದು ತುಣುಕು. ಪೀನಮಸೂರದ ಪ್ರಯೋಗದಲ್ಲಿ ಮೇಣದಬತ್ತಿಯ ಬಿಂಬವನ್ನು ಪರದೆಯ ಮೇಲೆ ಮೂಡಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪರದೆಯನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಮಾತ್ರ ಜ್ವಾಲೆ ಖಚಿತವಾಗಿ ಕಾಣುತ್ತಿತ್ತು. ಕ್ಯಾಮೆರಾದಲ್ಲಿ ಫೋಕಸ್ ಮಾಡುವುದೆಂದರೆ ಇದೇ ಕೆಲಸ. ಮಸೂರದ ಬಾಯಿ ಅಗಲವಾಗಿದ್ದಷ್ಟೂ ಬೆಳಕು ಹೆಚ್ಚು ಬರುತ್ತದೆ. ಆದರೆ ಖಚಿತವಾಗಿ ಕಾಣುವ ಪದರ ತೆಳುವಾಗುತ್ತಾ ಹೋಗುತ್ತದೆ. ಬಾಯಿ ಕಿರಿದಾದರೆ ಮುಂದಿನದೂ ಹಿಂದಿನದೂ ಒಟ್ಟಿಗೆ ಸ್ಪಷ್ಟವಾಗುತ್ತವೆ; ಬೆಳಕು ಮಾತ್ರ ಕಡಿಮೆ. ಈ ಕೊಡುಕೊಳ್ಳುವಿಕೆ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಆಕೆಯ ಪತಿ ಚಾರ್ಲ್ಸ್ ಹೇ ಕ್ಯಾಮೆರಾನ್ ಮೆಕಾಲೆಯೊಂದಿಗೆ ಭಾರತದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದವರು. 1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1860ರಿಂದ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬಲ್ಲಿ ನೆಲೆಸಿತು. 1863ರ ಡಿಸೆಂಬರಿನಲ್ಲಿ ಮಗಳೂ ಅಳಿಯನೂ ತಾಯಿಗೆ ಹೊತ್ತು ಕಳೆಯಲೆಂದು ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಆಕೆ ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡಳು, ಕಲ್ಲಿದ್ದಲ ಕೋಣೆಯನ್ನು ಕತ್ತಲೆಕೋಣೆ ಮಾಡಿಕೊಂಡಳು. 1864ರ ಜನವರಿಯಲ್ಲಿ ಆ್ಯನಿ ಫಿಲ್‌ಪಾಟ್ ಎಂಬ ಬಾಲಕಿಯ ಚಿತ್ರ ಸಿದ್ಧವಾಯಿತು. ಅದನ್ನು ಆಕೆ ತನ್ನ ಮೊದಲ ಯಶಸ್ಸು ಎಂದು ಕರೆದುಕೊಂಡಳು.

ಆಗಿನ ವಿಧಾನ ಸುಲಭವಾದುದಲ್ಲ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕೊಲೋಡಿಯನ್ ಪದ್ಧತಿ ಅದು. ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಆರುವ ಮೊದಲೇ ಚಿತ್ರ ತೆಗೆದು, ಕೂಡಲೇ ಸಂಸ್ಕರಿಸಬೇಕಾಗಿತ್ತು. ಎದುರಿಗೆ ಕುಳಿತವರು ಹಲವು ನಿಮಿಷ ಅಲುಗಾಡದೆ ಇರಬೇಕಾಗಿತ್ತು. ಅಷ್ಟು ಕಷ್ಟಪಟ್ಟ ಮೇಲೆ ಕೂದಲೆಳೆಯೂ ಎಣಿಸುವಂತೆ ಬರಬೇಕೆಂಬುದು ವೃತ್ತಿನಿರತರ ಪಟ್ಟು. ಕ್ಯಾಮೆರಾನ್ ಹಾಗೆ ಮಾಡಲಿಲ್ಲ. ಮಸೂರವನ್ನು ಕೈಯಿಂದ ತಿರುಗಿಸುತ್ತಾ, ತನ್ನ ಕಣ್ಣಿಗೆ ಬಿಂಬ ಸುಂದರವೆನಿಸಿದೊಡನೆ ಅಲ್ಲಿಯೇ ನಿಲ್ಲಿಸಿಬಿಡುತ್ತಿದ್ದೆ ಎಂದು ಆಕೆ 1874ರಲ್ಲಿ ಬರೆದ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾಳೆ.

ಟೀಕೆ ಬಂದೇ ಬಂದಿತು. 1865ರಲ್ಲಿ ಲಂಡನ್ನಿನ ‘ಫೋಟೋಗ್ರಾಫಿಕ್ ಜರ್ನಲ್’ ಪತ್ರಿಕೆಯು ಆಕೆಯ ಸಾಹಸವನ್ನು ಒಪ್ಪಿಕೊಂಡರೂ, ಛಾಯಾಗ್ರಹಣದ ಉಳಿದ ಗುಣಗಳೆಲ್ಲ ಅದಕ್ಕೆ ಬಲಿಯಾಗಿವೆ ಎಂದಿತು. ಸರಿಯಾದ ಫೋಕಸ್ ಯಾವುದೆಂದು ಹೇಳುವ ಅಧಿಕಾರ ಯಾರಿಗಿದೆ ಎಂಬರ್ಥದ ಪ್ರಶ್ನೆಯನ್ನು ಆಕೆ 1864ರ ಕೊನೆಯಲ್ಲೇ ತನ್ನ ಸ್ನೇಹಿತ ಸರ್ ಜಾನ್ ಹರ್ಷೆಲ್‌ಗೆ ಪತ್ರದಲ್ಲಿ ಬರೆದಿದ್ದಳು. ಹರ್ಷೆಲ್ ಸಾಮಾನ್ಯರಲ್ಲ, ಬೆಳ್ಳಿಯ ಲವಣಗಳನ್ನು ಹೈಪೋ ಕರಗಿಸುತ್ತದೆಂದು 1819ರಲ್ಲಿ ತೋರಿಸಿ, ಚಿತ್ರ ಅಳಿಸಿಹೋಗದಂತೆ ನಿಲ್ಲಿಸುವ ದಾರಿ ತೆರೆದ ವಿಜ್ಞಾನಿ. 1867ರಲ್ಲಿ ಕ್ಯಾಮೆರಾನ್ ತೆಗೆದ ಅವರ ಚಿತ್ರವನ್ನು ನೋಡಿ. ಕತ್ತಲೆಯೊಳಗಿಂದ ಒಂದು ಮುದಿ ಮುಖ, ಕೆದರಿದ ಬಿಳಿಗೂದಲು, ನೀರು ತುಂಬಿದಂಥ ಕಣ್ಣುಗಳು. ಕೋಟಿನ ಗುಂಡಿಗಳೂ ಕುರ್ಚಿಯ ಕೆತ್ತನೆಯೂ ಅಷ್ಟೇ ಸ್ಪಷ್ಟವಾಗಿ ಬಂದಿದ್ದರೆ ನಮ್ಮ ದೃಷ್ಟಿ ಆ ಕಣ್ಣುಗಳಲ್ಲಿ ನಿಲ್ಲುತ್ತಿರಲಿಲ್ಲ.

ಇಷ್ಟಾದರೂ ಆಕೆಯ ಎಲ್ಲ ಮಸುಕನ್ನೂ ಕಲೆಯೆಂದು ಹೊಗಳುವುದು ನ್ಯಾಯವಲ್ಲ. ಫಲಕಗಳಲ್ಲಿ ಗೀರು, ಬೆರಳ ಗುರುತು, ಲೇಪ ಕಿತ್ತ ಕಲೆಗಳು ಧಾರಾಳವಾಗಿವೆ. ಕೆಲವೆಡೆ ಕುಳಿತವರು ಅಲುಗಿದ್ದೂ ಉಂಟು. ಆಕಸ್ಮಿಕವಾದುದಕ್ಕೂ ಆಯ್ದುಕೊಂಡದ್ದಕ್ಕೂ ಇರುವ ಭೇದವನ್ನು ಗಮನಿಸಬೇಕು. ಒಂದೇ ಬಗೆಯ ಮಸುಕು ಹತ್ತಾರು ಮುಖಗಳಲ್ಲಿ, ಕಣ್ಣನ್ನು ಬಿಟ್ಟು ಕಿವಿಯಲ್ಲಿ, ಮತ್ತೆ ಮತ್ತೆ ಕಂಡಾಗ ಅದು ಆಯ್ಕೆಯೆಂದು ನಂಬಬಹುದು.

ಇನ್ನು ಬಿಳುಪಿನ ವಿಷಯ. ಕೊಲೋಡಿಯನ್ ಫಲಕಕ್ಕೆ ನೀಲಿ ಬೆಳಕೆಂದರೆ ಅತಿಸೂಕ್ಷ್ಮ. ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ತನ್ನ ಕೆಲವು ಸಮುದ್ರಚಿತ್ರಗಳಲ್ಲಿ ಮೋಡಕ್ಕೊಂದು, ನೀರಿಗೊಂದು ಎಂದು ಎರಡು ನೆಗೆಟಿವ್‌ಗಳನ್ನು ಜೋಡಿಸಿ ಈ ಕೊರತೆಯನ್ನು ನೀಗಿಸಿಕೊಂಡ. ಮುಂದೆ 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ಬಿದ್ದ ಬೆಳಕಿಗೂ ಫಲಕ ಕಪ್ಪಾಗುವುದಕ್ಕೂ ಇರುವ ಸಂಬಂಧವನ್ನು ವಕ್ರರೇಖೆಯಾಗಿ ಬರೆದು ತೋರಿಸಿದರು. ‘ಸರಿಯಾದ ಎಕ್ಸ್‌ಪೋಷರ್’ ಎಂಬುದಕ್ಕೆ ಹೀಗೆ ಲೆಕ್ಕದ ಆಧಾರ ದೊರೆಯಿತು.

ಫೋಕಸ್ಸಿನ ವಾದವೂ ಮುಗಿದಿರಲಿಲ್ಲ. ಮನುಷ್ಯನ ಕಣ್ಣು ಎಲ್ಲವನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವುದಿಲ್ಲವಾದ್ದರಿಂದ ಚಿತ್ರವೂ ಹಾಗೆಯೇ ಇರಲೆಂದು ಪೀಟರ್ ಹೆನ್ರಿ ಎಮರ್ಸನ್ 1889ರಲ್ಲಿ ಗ್ರಂಥ ಬರೆದು, ಮರುವರ್ಷವೇ ಅದನ್ನು ಹಿಂತೆಗೆದುಕೊಂಡ. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ್ಯನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದವರು ಮಸೂರದ ಅತಿ ಕಿರಿದಾದ ರಂಧ್ರದ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡು ‘ಎಫ್/64’ ಎಂಬ ಬಳಗ ಕಟ್ಟಿದರು. ಅವರ ಪಾಲಿಗೆ ಅಡಿಯಿಂದ ಮುಡಿಯವರೆಗಿನ ಸ್ಪಷ್ಟತೆಯೇ ಧರ್ಮ. ಜಪಾನಿನಲ್ಲಿ ಹುಟ್ಟಿದ ಹಿರೋಷಿ ಸುಗಿಮೊಟೊ ಇದಕ್ಕೆ ತೀರ ವಿರುದ್ಧ ದಿಕ್ಕಿನವರು. 1970ರ ದಶಕದಲ್ಲಿ ಅವರು ಚಿತ್ರಮಂದಿರದೊಳಗೆ ಕ್ಯಾಮೆರಾ ಇಟ್ಟು, ಸಿನಿಮಾ ಆರಂಭವಾದಾಗ ಷಟರ್ ತೆರೆದು, ಮುಗಿದಾಗ ಮುಚ್ಚಿದರು. ಇಡೀ ಸಿನಿಮಾ ಒಂದೇ ಬಿಳಿ ಚೌಕವಾಗಿ ಸುಟ್ಟುಹೋಯಿತು. ಆ ಬಿಳುಪಿನ ಬೆಳಕಿನಲ್ಲಿ ಮಂದಿರದ ಕೆತ್ತನೆಗಳು ಮೂಡಿಬಂದವು. 1997ರಿಂದ ಅವರು ಹೆಸರಾಂತ ಕಟ್ಟಡಗಳನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆದರು. ಗೆರೆಗಳೆಲ್ಲ ಕರಗಿದ ಮೇಲೂ ಕಟ್ಟಡದ ಆಕಾರ ಉಳಿಯುತ್ತದೆಯೇ ಎಂಬುದು ಅವರ ಪರೀಕ್ಷೆಯಾಗಿತ್ತು.

ಇಷ್ಟರಲ್ಲಿ ನಿರ್ಧಾರ ಮನುಷ್ಯನ ಕೈಯಿಂದ ಯಂತ್ರಕ್ಕೆ ಸರಿಯುತ್ತಿತ್ತು. 1975ರಲ್ಲಿ ಸ್ಟೀವನ್ ಸ್ಯಾಸನ್ ಕೊಡ್ಯಾಕ್ ಕಂಪನಿಯಲ್ಲಿ ರಚಿಸಿದ ಡಿಜಿಟಲ್ ಕ್ಯಾಮೆರಾ, ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1977ರಲ್ಲಿ ತಾನೇ ಫೋಕಸ್ ಮಾಡುವ ಕೊನಿಕಾ ಸಿ35 ಎಎಫ್ ಪೇಟೆಗೆ ಬಂದಿತು. 1985ರ ಮಿನೋಲ್ಟಾ 7000 ಆ ಸೌಕರ್ಯವನ್ನು ಮಸೂರ ಬದಲಿಸಬಲ್ಲ ಕ್ಯಾಮೆರಾಗಳಿಗೂ ತಂದಿತು.

ಬೆಳಕನ್ನು ಅಳೆಯುವ ಯಂತ್ರದ ಬುದ್ಧಿ ಬಹಳ ಕಾಲ ಒಂದೇ ಊಹೆಯ ಮೇಲೆ ನಿಂತಿತ್ತು: ಎದುರಿಗಿರುವುದೆಲ್ಲದರ ಸರಾಸರಿ ನಡುಬೂದು ಬಣ್ಣ. ಆದ್ದರಿಂದ ಅದಕ್ಕೆ ಹಿಮ ತೋರಿಸಿದರೂ ಬೂದು, ಕರಿಹಲಗೆ ತೋರಿಸಿದರೂ ಬೂದು. ಇದರಿಂದ ನಷ್ಟವಾದದ್ದು ಯಾರಿಗೆ? ನಮ್ಮ ಶಾಲೆಯಲ್ಲಿ ವರ್ಷಾಂತ್ಯದ ಗ್ರೂಪ್ ಫೋಟೋಗಳನ್ನು ಸುಣ್ಣ ಬಳಿದ ಗೋಡೆಯ ಮುಂದೆ, ಬಿಳಿ ಅಂಗಿಯ ಸಮವಸ್ತ್ರದಲ್ಲಿ ತೆಗೆಸುತ್ತಿದ್ದೆವು. ಅಷ್ಟೊಂದು ಬಿಳುಪು ಕಂಡ ಕ್ಯಾಮೆರಾ ಬೆಳಕನ್ನು ತಗ್ಗಿಸುತ್ತಿತ್ತು. ಗೋಡೆ ಚೆನ್ನಾಗಿ ಬರುತ್ತಿತ್ತು, ಇಸ್ತ್ರಿಯ ಗೆರೆಯೂ ಕಾಣುತ್ತಿತ್ತು. ಹಿಂದಿನ ಸಾಲಿನ ಕಪ್ಪು ಮೈಬಣ್ಣದ ಮಕ್ಕಳ ಮುಖದಲ್ಲಿ ಕಣ್ಣು ಮೂಗು ಕಾಣುತ್ತಿರಲಿಲ್ಲ. ಒಬ್ಬ ತಾಯಿ ಆ ಚಿತ್ರದಲ್ಲಿ ಮಗನನ್ನು ಮುಖದಿಂದಲ್ಲ, ಎಡದಿಂದ ಮೂರನೆಯವನೆಂದು ಎಣಿಸಿ ಗುರುತಿಸಿದ್ದನ್ನು ನಾನು ಕಂಡಿದ್ದೇನೆ. ಕೂಲಿಯ ಹಣದಲ್ಲಿ ಆಕೆ ಆ ಪ್ರತಿಯನ್ನು ಕೊಂಡಿದ್ದಳು. ಯಂತ್ರದ ಲೆಕ್ಕದಲ್ಲಿ ಆ ಚಿತ್ರ ‘ಸರಿ’ಯಾಗಿಯೇ ಇತ್ತು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಬಣ್ಣದ ಫೋಟೋ ಪ್ರಯೋಗಾಲಯಗಳು ಮುದ್ರಣ ಸರಿಯಿದೆಯೇ ಎಂದು ನೋಡಲು ‘ಷರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರವನ್ನು ಬಳಸುತ್ತಿದ್ದವು. ಅದರಲ್ಲಿದ್ದವಳು ಬಿಳಿ ಮೈಬಣ್ಣದ ಯುವತಿ. ಅವಳ ಕೆನ್ನೆ ಚೆನ್ನಾಗಿ ಬಂದರೆ ಎಲ್ಲವೂ ಚೆನ್ನ. ಬೇರೆ ಬೇರೆ ಮೈಬಣ್ಣದವರನ್ನು ಒಳಗೊಂಡ ಕಾರ್ಡುಗಳು ವ್ಯಾಪಕವಾಗಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ‘ಸರಿ’ ಎಂಬ ಅಳತೆಗೋಲನ್ನು ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡೇ ಮಾಡಿರುತ್ತಾರೆ. ಆ ಅಳತೆಗೆ ಒಗ್ಗದವರ ಪಾಲಿಗೆ ‘ಹೆಚ್ಚು ಬೆಳಕು’ ಎಂಬ ತಪ್ಪೇ ನ್ಯಾಯವಾಗುತ್ತದೆ.

ಡಿಜಿಟಲ್ ಕ್ಯಾಮೆರಾದಲ್ಲಿ ಇದನ್ನು ಮಾಡುವಾಗ ಒಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಸೂರಿನ ಕೆಳಗೆ ಸಾಲಾಗಿ ಇಟ್ಟ ಬಿಂದಿಗೆಗಳನ್ನು ನೆನೆಯಿರಿ. ಸಂವೇದಕದ ಪ್ರತಿಯೊಂದು ಬಿಂದುವೂ ಅಂಥದೊಂದು ಬಿಂದಿಗೆ. ತುಂಬಿದ ಮೇಲೆ ಸುರಿದ ನೀರು ಲೆಕ್ಕಕ್ಕೆ ಸಿಗದು. ಫಿಲ್ಮು ಬಿಳುಪಿನ ಕಡೆಗೆ ಮೆಲ್ಲಗೆ ಬಾಗುತ್ತಿತ್ತು. ಇದು ಥಟ್ಟನೆ ಮುಗಿದುಹೋಗುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ 255 ಎಂಬ ಗರಿಷ್ಠ ಅಂಕ ತಲುಪಿದ ಜಾಗದಲ್ಲಿ ವಿವರ ಉಳಿದಿರುವುದಿಲ್ಲ. ರಾ ಕಡತದಲ್ಲಿ ಸ್ವಲ್ಪ ಮಟ್ಟಿಗೆ ಮರಳಿ ಪಡೆಯಬಹುದು. ಹೀಗಾಗಿ ಏನನ್ನು ಕಳೆದುಕೊಳ್ಳಬಹುದು, ಏನನ್ನು ಕಳೆದುಕೊಳ್ಳಬಾರದು ಎಂದು ಮೊದಲೇ ನಿಶ್ಚಯಿಸಬೇಕು. ಗೋಡೆ ಹೋದರೆ ಹೋಗಲಿ, ಮುಖ ಉಳಿಯಲಿ ಎಂದು ಯೋಚಿಸಿ ಬೆಳಕು ಹೆಚ್ಚಿಸುವುದು ಆಯ್ಕೆ. ಯೋಚಿಸದೆ ಆದದ್ದು ಎಡವಟ್ಟು.

ಕ್ಯಾಮೆರಾದಲ್ಲಿ ಎಕ್ಸ್‌ಪೋಷರನ್ನು +1 ಎಂದಿಟ್ಟರೆ ಬೆಳಕು ಇಮ್ಮಡಿ, +2 ಎಂದರೆ ನಾಲ್ಕು ಪಟ್ಟು. ಅನೇಕ ಮೊಬೈಲುಗಳಲ್ಲಿ ತೆರೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಸಾಕು. ಇಂದಿನ ಮೊಬೈಲುಗಳು ಮುಖವನ್ನು ಗುರುತಿಸುತ್ತವೆ, ಹಲವು ಚಿತ್ರಗಳನ್ನು ಬೆರೆಸಿ ಗೋಡೆಯನ್ನೂ ಮುಖವನ್ನೂ ಉಳಿಸಲು ನೋಡುತ್ತವೆ, ನಿಜ. ಆದರೂ ಕಿಟಕಿಯ ಸರಳುಗಳಾಚೆ ಕುಳಿತವರನ್ನು ತೆಗೆಯಹೊರಟರೆ ಯಂತ್ರ ಎಷ್ಟೋ ಸಲ ಸರಳನ್ನೇ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಕಬ್ಬಿಣವೋ ಮನುಷ್ಯನೋ ಎಂಬುದು ತಿಳಿಯದು. ಅಲ್ಲಿ ಫೋಕಸ್ಸನ್ನು ಕೈಗೆ ತೆಗೆದುಕೊಂಡು, ಬಿಂಬವನ್ನು ಹಿಗ್ಗಿಸಿ ನೋಡುತ್ತಾ, ಕಣ್ಣಿನ ಮೇಲೆ ನಿಲ್ಲಿಸಬೇಕು. ಸರಳುಗಳು ತಾವಾಗಿಯೇ ಕರಗುತ್ತವೆ.

ಕ್ಯಾಮೆರಾನ್ 1875ರಲ್ಲಿ ಸಿಂಹಳಕ್ಕೆ ಹೋದಳು. 1879ರಲ್ಲಿ ಅಲ್ಲಿಯೇ ತೀರಿಕೊಂಡಳು. ಅಲ್ಲಿ ತೋಟದ ಕೆಲಸದವರನ್ನು ತೆಗೆದ ಕೆಲವೇ ಚಿತ್ರಗಳು ಉಳಿದಿವೆ. ಇಂಗ್ಲೆಂಡಿನಲ್ಲಿ ಆಕೆ ತೆಗೆದ ಕವಿಗಳ, ವಿಜ್ಞಾನಿಗಳ ಹೆಸರುಗಳು ನಮಗೆ ತಿಳಿದಿವೆ. ಸಿಂಹಳದ ಆ ಕೆಲಸಗಾರರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಬಂದಾಗ ಮನೆಯ ಹಿರಿಯರನ್ನು ಕಿಟಕಿಯ ಪಕ್ಕ ಕೂರಿಸಿ ಎರಡು ಚಿತ್ರ ತೆಗೆಯಿರಿ: ಒಂದು ಯಂತ್ರ ಹೇಳಿದಂತೆ, ಇನ್ನೊಂದು ಅವರ ಮುಖ ನಿಮಗೆ ಕಾಣುವಂತೆ. ಹೊರಗಿನ ಅಂಗಳ ಬೆಳ್ಳಗೆ ಸುಟ್ಟುಹೋದರೆ ಚಿಂತೆಯಿಲ್ಲ. ಎರಡನ್ನೂ ಅವರಿಗೇ ತೋರಿಸಿ, ಯಾವುದು ತಮ್ಮದೆಂದು ಕೇಳಿ. ಅವರು ಆರಿಸಿದ್ದನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಗೆ ಹೆಸರೂ ತಾರೀಖೂ ಬರೆದಿಡಿ.