ಮತ್ಸ್ಯಾಲಯವೂ ಕನ್ನಡದ ಕಡಲೂ

ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯದ ಹೆಸರು ಕೇಳದ ವಾಚಕರು ವಿರಳ. ಅದರಲ್ಲಿ ಕನ್ನಡನಾಡಿಗೂ ಪಾಲಿತ್ತೆಂದು ಬಲ್ಲವರು ಇನ್ನೂ ವಿರಳ.

1951ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಅದನ್ನು ಉದ್ಘಾಟಿಸಿದರು. ತಗುಲಿದ ವೆಚ್ಚ ಸುಮಾರು 8 ಲಕ್ಷ ರೂಪಾಯಿ. ಪಾರಸಿ ದಾನಿ ತಾರಾಪೋರವಾಲಾ ಅವರು ಕೊಟ್ಟದ್ದು 2 ಲಕ್ಷ. ಕಾಲುಪಾಲಿಗೆ ಇಡೀ ಹೆಸರು! ಬ್ಯಾಂಕಿನ ಲೆಕ್ಕ ಬರೆಯುವ ನಮಗೆ ಇದು ನಷ್ಟದ ವ್ಯವಹಾರವಾಗಿ ತೋರುವುದಿಲ್ಲ. ಅದನ್ನು ನಡೆಸುತ್ತಿದ್ದುದು ಸರಕಾರದ ಮೀನುಗಾರಿಕೆ ಇಲಾಖೆ. ಅಂದಿನ ಮುಂಬಯಿ ರಾಜ್ಯದಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರಗಳಲ್ಲದೆ ಕಾರವಾರದಿಂದ ಭಟ್ಕಳದವರೆಗಿನ ಕಡಲೂ ಸೇರಿತ್ತಷ್ಟೆ.

ಕನ್ನಡದ ಕಡಲು ಮುಂಬಯಿಯ ಪಾಲಾದುದು ಹತ್ತಿಯ ದೆಸೆಯಿಂದ. ಟಿಪ್ಪುವಿನ ಪತನಾನಂತರ ಇಡೀ ಕೆನರಾ ಒಂದೇ ಜಿಲ್ಲೆಯಾಗಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂದು ಮುಂಬಯಿಯ ವರ್ತಕರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಕೊಟ್ಟರು. ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಅಂದಿನಿಂದ ಶಿರೂರಿನ ಬಲೆಗೆ ಬಿದ್ದ ಬಂಗುಡೆ ಮದ್ರಾಸಿನದು, ನೆರೆಯ ಭಟ್ಕಳದಲ್ಲಿ ಬಿದ್ದದ್ದು ಮುಂಬಯಿಯದು. ಮೀನಿಗೆ ಈ ಗಡಿ ಗೊತ್ತಿರಲಿಲ್ಲ, ಅಷ್ಟೆ.

ಮದ್ರಾಸಿನಲ್ಲಿಯೂ ಮತ್ಸ್ಯಾಲಯವಿತ್ತು. ಅಲ್ಲಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಸಾಹೇಬರ ಯೋಜನೆಯಂತೆ ಮರೀನಾ ದಂಡೆಯಲ್ಲಿ 1909ರಲ್ಲಿ ತೆರೆದ ಅದು ಎರಡನೆಯ ಮಹಾಯುದ್ಧದ ಕಾಲಕ್ಕೆ ಮುಚ್ಚಿಹೋಯಿತು. ಹೀಗೆ ಕನ್ನಡ ಕರಾವಳಿಯನ್ನು ಹಂಚಿಕೊಂಡ ಎರಡು ರಾಜಧಾನಿಗಳೂ ಒಂದೊಂದು ಮತ್ಸ್ಯಾಲಯ ಕಂಡವು. ಮೀನು ಹಿಡಿಯುವ ನಮ್ಮವರಿಗೆ ಸ್ವಂತ ರಾಜಧಾನಿಯೇ ಇರಲಿಲ್ಲ.

ಮುಂಬಯಿಯದನ್ನು ನವೀಕರಿಸಿ 2015ರಲ್ಲಿ ಮತ್ತೆ ತೆರೆದರು. ಕಿದ್ವಾಯಿ ನಗರದಿಂದ ರಜೆಗೆ ಹೋದ ನಾವು ಅಲ್ಲಿನ ಪಾರದರ್ಶಕ ಸುರಂಗವನ್ನೂ ಹೊಕ್ಕು ಬಂದೆವು. ತಲೆಯ ಮೇಲೆ ಮೀನು ಹರಿದಾಡಿದಾಗ ಮಕ್ಕಳ ಸಂತೋಷಕ್ಕೆ ಪಾರವಿರಲಿಲ್ಲ. ಜೊತೆಗಿದ್ದ ಕಾರವಾರದ ಅಜ್ಜಿಯೊಬ್ಬರು ಮಾತ್ರ ಬಂಗುಡೆ ಎಲ್ಲಿ, ತಾರ್ಲೆ ಎಲ್ಲಿ ಎಂದು ತೊಟ್ಟಿಯಿಂದ ತೊಟ್ಟಿಗೆ ಹುಡುಕಿದರು. ಎಲ್ಲಿಂದ ಬರಬೇಕು? ಹಿಂಡುಗಟ್ಟಿ ಬಿಡುವಿಲ್ಲದೆ ಈಜುವ ಅವು ತೊಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಬಣ್ಣದ ಮೀನು ಗಾಜಿಗೆ, ಹೊಟ್ಟೆಗಾಗುವ ಮೀನು ಮಾರುಕಟ್ಟೆಗೆ.

1956ರ ನವೆಂಬರ್ 1ರಂದು ಎರಡು ಕೆನರಾಗಳೂ ಒಂದಾದವು. ಕಾಸರಗೋಡು ಕೇರಳಕ್ಕೆ ಹೋಯಿತು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಆರಂಭವಾಯಿತು. ದೇಶದಲ್ಲಿ ಅಂಥದು ಅದೇ ಮೊದಲು. 107 ವರ್ಷಗಳ ಹಿಂದೆ ಬೇರ್ಪಟ್ಟಿದ್ದ ಕಾರವಾರ, ಮಂಗಳೂರುಗಳ ಹುಡುಗರು ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ತಮ್ಮ ಕಡಲನ್ನು ಓದುವಂತಾಯಿತು. ಕೂಗಳತೆಯ ಕಾಸರಗೋಡಿನ ಹುಡುಗ ಮಾತ್ರ ಅಲ್ಲಿ ಪರರಾಜ್ಯದವನು.