ಮಹಾಕುಸಿತದ ಬೇರು ಹುಡುಕಿದವರು

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಇಂದಿಗೂ ಬಹಳ ಮಂದಿ ನಂಬಿದ್ದಾರೆ. ಆದರೆ 1987ರ ಅಕ್ಟೋಬರ್ 19ರಂದು ಅದೇ ಪೇಟೆ ಒಂದೇ ದಿನ ಶೇ 22ಕ್ಕಿಂತ ಹೆಚ್ಚು ಕುಸಿದರೂ ಅಮೆರಿಕದ ಆರ್ಥಿಕತೆ ಬೆಳೆಯುತ್ತಲೇ ಇತ್ತು. ಸಾಧಾರಣ ಹಿಂಜರಿತವೊಂದು ಮಹಾಕುಸಿತವಾಗುವುದು ಹೇಗೆ ಎಂಬುದೇ ಅರ್ಥಶಾಸ್ತ್ರಜ್ಞರನ್ನು ತೊಂಬತ್ತು ವರ್ಷಗಳಿಂದ ಕಾಡಿರುವ ಪ್ರಶ್ನೆ.

ಅಗ್ಗದ ಸಾಲದಿಂದ ಉಬ್ಬಿದ ಉದ್ದಿಮೆಗಳು ಮುಳುಗಲಿ, ಸರ್ಕಾರ ಕೈಹಾಕಬಾರದು ಎಂಬುದು ಆಗಿನ ಒಂದು ಪ್ರಬಲ ನಿಲುವು. ಲಂಡನ್ನಿನ ಲಯೊನೆಲ್ ರಾಬಿನ್ಸ್ 1934ರ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ಮುಂದೆ ಆತ್ಮಕಥೆಯಲ್ಲಿ ಅದಕ್ಕೆ ವಿಷಾದಿಸಿದರು. ಷೇರುಪೇಟೆಯಲ್ಲಿ ತಮ್ಮ ಆಸ್ತಿಯನ್ನೇ ಕಳೆದುಕೊಂಡಿದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ 1933ರಲ್ಲಿ ಕಂಡದ್ದು ಬೇರೆ. ಗೋಧಿಯ ಬೆಲೆ ಅರ್ಧಕ್ಕಿಳಿದರೆ ಅದೇ ಸಾಲ ತೀರಿಸಲು ರೈತ ಎರಡು ಪಟ್ಟು ಗೋಧಿ ಮಾರಬೇಕು. ಎಲ್ಲರೂ ಹೀಗೆ ಮಾರಾಟಕ್ಕಿಳಿದರೆ ಬೆಲೆ ಮತ್ತಷ್ಟು ಇಳಿಯುತ್ತದೆ. ತೀರಿಸಿದಷ್ಟೂ ಸಾಲದ ಭಾರ ಏರುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಆಳವಾದ ಒಳನೋಟ ನನಗೆ ಕಂಡಿಲ್ಲ. ಆದರೂ 1936ರಲ್ಲಿ ಬಂದ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್‌ರ ಗ್ರಂಥದ ಪ್ರಭಾವದಲ್ಲಿ ಅದು ದಶಕಗಳ ಕಾಲ ಮರೆಗೆ ಸರಿಯಿತು. ಒಟ್ಟು ಬೇಡಿಕೆ ಕುಗ್ಗಿದರೆ ಆರ್ಥಿಕತೆ ತಾನಾಗಿ ಮೇಲೇಳಬೇಕೆಂದೇನಿಲ್ಲ, ಸರ್ಕಾರವೇ ಖರ್ಚು ಮಾಡಬೇಕು ಎಂದರು ಕೇನ್ಸ್.

1963ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಜ್ ಚರ್ಚೆಯ ದಿಕ್ಕನ್ನೇ ತಿರುಗಿಸಿದರು. ಕುಸಿತದ ವರ್ಷಗಳಲ್ಲಿ ಅಮೆರಿಕದ ಹಣದ ಮೊತ್ತ ಮೂರನೇ ಒಂದರಷ್ಟು ಕರಗಿತ್ತು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಅದನ್ನು ತಡೆಯಲಿಲ್ಲ ಎಂಬುದು ಅವರ ಆರೋಪ. 1930ರ ಡಿಸೆಂಬರ್‌ನಲ್ಲಿ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್‌ಗೆ ಆದದ್ದನ್ನೇ ನೋಡಿ. ಹೆಸರು ಸರ್ಕಾರಿಯಂತಿದ್ದರೂ ಅದು ಖಾಸಗಿ ಬ್ಯಾಂಕು; ನಾಲ್ಕು ಲಕ್ಷಕ್ಕೂ ಹೆಚ್ಚು ಠೇವಣಿದಾರರು, ಅವರಲ್ಲಿ ಬಹಳಷ್ಟು ಜನ ವಲಸೆ ಬಂದ ಯೆಹೂದಿ ಕುಟುಂಬದವರು. ವ್ಯಾಪಾರಿಯೊಬ್ಬನಿಗೆ ಬ್ಯಾಂಕು ತನ್ನದೇ ಷೇರನ್ನು ಮಾರಿಕೊಡಲು ಒಪ್ಪಲಿಲ್ಲವೆಂಬ ಸುದ್ದಿ ಹಬ್ಬಿತು. ನ್ಯೂಯಾರ್ಕಿನ ಬ್ರಾಂಕ್ಸ್‌ ಭಾಗದ ಶಾಖೆಯ ಮುಂದೆ ಸಾವಿರಾರು ಜನ ಸೇರಿದರು. ಮಾರನೆಯ ದಿನ ಬ್ಯಾಂಕು ಬಾಗಿಲು ಮುಚ್ಚಿತು. ಠೇವಣಿಗೆ ಆಗ ವಿಮೆಯೂ ಇರಲಿಲ್ಲ. 1933ರೊಳಗೆ ಮುಳುಗಿದ ಬ್ಯಾಂಕುಗಳು ಸುಮಾರು 9,000.

ಹಣ ಕರಗಿದ್ದು ಕುಸಿತದ ಕಾರಣವೋ, ಫಲವೋ ಎಂದು ಪೀಟರ್ ಟೆಮಿನ್ 1976ರಲ್ಲಿ ಕೇಳಿದರು. ಮೊದಲ ಬ್ಯಾಂಕಿಂಗ್ ತಲ್ಲಣಕ್ಕೂ ಮುಂಚೆಯೇ ಜನ ಖರ್ಚು ಕಡಿಮೆ ಮಾಡಿದ್ದರಲ್ಲ! ನ್ಯಾಯವಾದ ಪ್ರಶ್ನೆ, ಅದಿನ್ನೂ ಪೂರ್ತಿ ಬಗೆಹರಿದಿಲ್ಲ. 1983ರಲ್ಲಿ ಬೆನ್ ಬರ್ನಾಂಕಿ ಇನ್ನೊಂದು ಎಳೆ ಹಿಡಿದರು. ಯಾರು ನಂಬಿಕಸ್ಥ ಸಾಲಗಾರ ಎಂಬ ತಿಳಿವಳಿಕೆಯೂ ಮುಚ್ಚಿದ ಬ್ಯಾಂಕಿನೊಂದಿಗೆ ಅಳಿಯುತ್ತದೆ. ಗಟ್ಟಿಯಾದ ಚಿಕ್ಕ ಉದ್ದಿಮೆಗೂ ಸಾಲ ಹುಟ್ಟುವುದಿಲ್ಲ. ಇದೇ ಬರ್ನಾಂಕಿ 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಫೆಡರಲ್ ರಿಸರ್ವ್‌ನ ಚುಕ್ಕಾಣಿ ಹಿಡಿದಿದ್ದರು, 2022ರಲ್ಲಿ ನೊಬೆಲ್ ಪಡೆದವರಲ್ಲೊಬ್ಬರಾದರು.

ಆದರೆ ಅಮೆರಿಕವೊಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಹಲವು ದೇಶಗಳನ್ನು ಹೋಲಿಸಿ ನೋಡಿದ ಬ್ಯಾರಿ ಐಕೆನ್‌ಗ್ರೀನ್ ಮತ್ತು ಜೆಫ್ರಿ ಸ್ಯಾಕ್ಸ್ 1985ರಲ್ಲಿ ತೋರಿಸಿದ್ದು ಇದು: ನಾಣ್ಯವನ್ನು ಚಿನ್ನಕ್ಕೆ ಕಟ್ಟಿದ ವ್ಯವಸ್ಥೆಯನ್ನು ಬೇಗ ಬಿಟ್ಟವರು ಬೇಗ ಚೇತರಿಸಿಕೊಂಡರು. ಬ್ರಿಟನ್ ಮತ್ತು ಸ್ವೀಡನ್ 1931ರಲ್ಲೇ ಬಿಟ್ಟವು. 1936ರವರೆಗೆ ಹಟ ಹಿಡಿದ ಫ್ರಾನ್ಸ್ ಹಿಂದುಳಿಯಿತು. ಚಿನ್ನ ಹೊರಹೋಗುವ ಭಯದಲ್ಲಿ ಕೇಂದ್ರ ಬ್ಯಾಂಕುಗಳು ಹಣ ಬೇಕಾದ ಹೊತ್ತಿನಲ್ಲೇ ಬಡ್ಡಿ ಏರಿಸುತ್ತಿದ್ದವು. ಕುಸಿತ ದೇಶದಿಂದ ದೇಶಕ್ಕೆ ದಾಟಿದ್ದನ್ನೂ ಅದು ಮುಗಿದ ಕ್ರಮವನ್ನೂ ಒಟ್ಟಿಗೆ ವಿವರಿಸುವುದರಿಂದ ನನಗೆ ಈ ವಾದವೇ ಹೆಚ್ಚು ಒಪ್ಪಿಗೆ.

ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತಕ್ಕೆ ಹೀಗೆ ಬಿಡುವ ಇಲ್ಲವೇ ಹಟ ಹಿಡಿಯುವ ಆಯ್ಕೆಯೇ ಇರಲಿಲ್ಲ. ರೂಪಾಯಿಯನ್ನು ಬ್ರಿಟನ್ನಿನ ಒಂದು ಶಿಲ್ಲಿಂಗ್ ಆರು ಪೆನ್ಸ್‌ಗೆ ಕಟ್ಟಲಾಗಿತ್ತು. ಬೆಳೆಗಳ ಬೆಲೆ ನೆಲಕಚ್ಚಿದರೂ ಕಂದಾಯ ಮತ್ತು ಸಾಲದ ಬಡ್ಡಿ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಹಳ್ಳಿಯ ಮನೆಗಳು ಮಾರಿದ ಚಿನ್ನದ ಒಡವೆ 1931ರ ನಂತರ ಬೊಂಬಾಯಿಯಿಂದ ಹಡಗೇರಿ ಹೊರದೇಶಕ್ಕೆ ಹೋಯಿತು. ರೂಪಾಯಿಯ ದರ ಇಳಿಸಿ ಎಂದು ಪುರುಷೋತ್ತಮದಾಸ್ ಠಾಕೂರದಾಸ್‌ರಂಥ ಉದ್ಯಮಿಗಳು ಪಟ್ಟು ಹಿಡಿದಿದ್ದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ.